ಗುಂಡನ ತೋಳು ಗುಂಡನದಲ್ಲ

"ಇದನ್ನು ನಾನೇ ಕಟ್ಟಿದ್ದು" ಎಂದ ಗುಂಡ, ಅಂಗಿಯ ತೋಳು ಮಡಚಿ.

"ಯಾವಾಗ?" ಎಂದರು ವನಜಕ್ಕ.

"ಯಾವಾಗ ಅಂದರೆ? ಜಿಮ್ ಸೇರಿದ ಮೇಲೆ."

"ನಾನು ಕೇಳಿದ್ದು ಕಟ್ಟಿದ್ದು ಯಾವಾಗ ಅಂತ. ಉಬ್ಬಿಸಿದ್ದು ಯಾವಾಗ ಅಂತಲ್ಲ."

ರಾಯರು ಪೇಪರು ಕೆಳಗಿಟ್ಟರು. ವನಜಕ್ಕ ಹೀಗೆ ಶುರು ಮಾಡಿದರೆ ಪೇಪರಿಗಿಂತ ಚೆನ್ನಾಗಿರುತ್ತದೆ ಎಂದು ಅವರಿಗೆ ಗೊತ್ತು. ಶೀನ ಮೊಬೈಲ್ ಬಿಡಲಿಲ್ಲ. ಬಿಟ್ಟಿದ್ದರೆ ಅದೇ ಸುದ್ದಿ.

(ಈ 'ಸೆಲ್ಫ್ ಮೇಡ್' ಕಾಯಿಲೆ ಗುಂಡನೊಬ್ಬನದಲ್ಲ. ಕನ್ನಡಿ ಮುಂದೆ ನಿಂತು ಫೋಟೊ ತೆಗೆದುಕೊಳ್ಳುವವರೆಲ್ಲ ಅದರ ಕೆಳಗೆ ಇದನ್ನೇ ಬರೆಯುತ್ತಾರೆ: ನನ್ನನ್ನು ನಾನೇ ಕಟ್ಟಿಕೊಂಡೆ. ನಿಜವಾಗಿ ಕಟ್ಟಿದವರ ಪಟ್ಟಿ ಹಾಕಿದರೆ ಫೋಟೊಗೆ ಜಾಗ ಉಳಿಯುವುದಿಲ್ಲ.)

"ನೀನಿದ್ದೀಯ ಅಂತ ನಿಮ್ಮಮ್ಮನಿಗೆ ಇನ್ನೂ ಬರೀ ಅನುಮಾನ ಇದ್ದಾಗಲೇ ಕೆಲಸ ಶುರುವಾಗಿತ್ತು" ಎಂದರು ವನಜಕ್ಕ. "ಮೂರನೇ ವಾರದ ಕೊನೆ. ಮುಂದೆ ಬೆನ್ನುಹುರಿ ಆಗಬೇಕಾದ ಕೊಳವೆ ಇರುತ್ತದಲ್ಲ, ಅದರ ಎರಡೂ ಪಕ್ಕ ಜೀವಕೋಶಗಳ ಒಂದೊಂದು ಪಟ್ಟಿ. ಆ ಪಟ್ಟಿ ತಲೆಯ ಕಡೆಯಿಂದ ತುಂಡು ತುಂಡಾಗುತ್ತಾ ಬರುತ್ತದೆ. ಎಡಕ್ಕೊಂದು, ಬಲಕ್ಕೊಂದು, ಜೋಡಿ ಜೋಡಿ. ಆ ತುಂಡುಗಳಿಗೆ ಸೋಮೈಟ್ ಅನ್ನುತ್ತಾರೆ. ಐದನೇ ವಾರ ಮುಗಿಯುವ ಹೊತ್ತಿಗೆ 42ರಿಂದ 44 ಜೋಡಿ. ಅದರಲ್ಲಿ ಬಾಲದ ಕಡೆಯವು ಒಂದಷ್ಟು ಆಮೇಲೆ ಮಾಯ."

"ಬಾಲ ಇತ್ತಾ ನಮಗೆ?"

"ಇತ್ತು. ಎಲ್ಲರದೂ ಹೋಗಿದೆ ಅನ್ನುವುದು ಪುಸ್ತಕದ ಮಾತು."

ಶೀನ ಮೊಬೈಲಿನಿಂದ ತಲೆಯೆತ್ತಿ ಗುಂಡನ ಹಿಂದೆ ಒಮ್ಮೆ ನೋಡಿ, ಮತ್ತೆ ತಲೆ ತಗ್ಗಿಸಿದ.

"ಒಂದೊಂದು ಜೋಡಿಗೂ ಟೈಮಿದೆ" ಎಂದು ವನಜಕ್ಕ ಮುಂದುವರಿಸಿದರು. "ಜೀಬ್ರಾಮೀನಿಗೆ ಅರ್ಧ ಗಂಟೆ. ಕೋಳಿಗೆ 90 ನಿಮಿಷ. ಇಲಿಗೆ ಎರಡು ಗಂಟೆ. ನಮಗೆ ಸುಮಾರು ಐದು ಗಂಟೆ. ಕೋಶದೊಳಗೆ ಕೆಲವು ಜೀನುಗಳು ಅದೇ ಲಯದಲ್ಲಿ ಹೊತ್ತಿ ಆರುತ್ತಿರುತ್ತವೆ. ಇಲ್ಲೊಂದು ಗಡಿಯಾರ ಇರಲೇಬೇಕು ಅಂತ 1976ರಲ್ಲಿ ಕುಕ್ ಮತ್ತು ಝೀಮನ್ ಅನ್ನುವ ಇಬ್ಬರು ಲೆಕ್ಕ ಹಾಕಿಯೇ ಹೇಳಿದ್ದರು. 1997ರಲ್ಲಿ ಕೋಳಿಯ ಭ್ರೂಣದಲ್ಲಿ ಅದು ಕಣ್ಣಿಗೇ ಬಿತ್ತು."

"ಕೋಳಿ ಒಂದೂವರೆ ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ನಾವು ಐದು ಗಂಟೆ ತೆಗೆದುಕೊಳ್ಳುತ್ತೇವೆ" ಎಂದರು ರಾಯರು. "ಹುಟ್ಟುವ ಮುಂಚಿನಿಂದಲೇ ನಮಗೆ ಆಫೀಸಿನ ಅಭ್ಯಾಸ."

"ಅಷ್ಟು ನಿಧಾನ ಮಾಡಿಯೂ ಆ ತುಂಡಿಗೆ ತಾನು ಏನಾಗಬೇಕು ಅಂತ ಗೊತ್ತಿರುವುದಿಲ್ಲ ರಾಯರೇ. ಅಕ್ಕಪಕ್ಕದವರು ಹೇಳಬೇಕು. ಒಂದು ಪಕ್ಕದಿಂದ ಬಂದ ಸುದ್ದಿ ಕೇಳಿದವು ಬೆನ್ನೆಲುಬಾಗುತ್ತವೆ. ಇನ್ನೊಂದು ಪಕ್ಕದ್ದನ್ನು ಕೇಳಿದವು ಸ್ನಾಯು ಆಗುತ್ತವೆ, ಬೆನ್ನಿನ ಚರ್ಮದ ಒಳಪದರ ಆಗುತ್ತವೆ. ಆಗ ತಾನೇ ಆದ ಸೋಮೈಟನ್ನು ಕೋಳಿಯ ಭ್ರೂಣದಲ್ಲಿ ತಲೆಕೆಳಗು ಮಾಡಿ ಇಟ್ಟು ನೋಡಿದ್ದಾರೆ. ಮೂಳೆ ಆಗಬೇಕಾದದ್ದು ಹೊಸ ನೆರೆಯವರ ಮಾತು ಕೇಳಿ ಸ್ನಾಯು ಆಯಿತು."

"ನೋಡಿ, ನಾನು ಹೇಳಲಿಲ್ವಾ?" ಎಂದರು ಗುಂಡನ ಅಮ್ಮ ಪದ್ದಮ್ಮ. "ಇವನು ಮೊದಲಿನಿಂದಲೂ ಪಕ್ಕದವರ ಮಾತು ಕೇಳುವವನೇ. ನನ್ನ ಮಾತು ಯಾವತ್ತು ಕೇಳಿದ್ದ?"

ಗುಂಡ ತೋಳನ್ನು ಇನ್ನೊಂದು ಸುತ್ತು ಬಿಗಿದು ತೋರಿಸಿದ. "ಆಯಿತು ವನಜಕ್ಕ, ಬೆನ್ನಿನ ಕಥೆ ಬೆನ್ನಿಗೆ. ನಾನು ಹೇಳುತ್ತಿರುವುದು ಬೈಸೆಪ್ಸ್ ವಿಷಯ. ಇದು ಇಲ್ಲೇ ಹುಟ್ಟಿದ್ದು, ಇಲ್ಲೇ ಬೆಳೆದದ್ದು."

"ಅಲ್ಲೇ ನೀನು ಎಡವಿದ್ದು. ಬೈಸೆಪ್ಸ್ ತೋಳಿನದಲ್ಲ. ಅದು ಕುತ್ತಿಗೆಯ ಕಡೆಯಿಂದ ನಡೆದುಕೊಂಡು ಬಂದದ್ದು."

"ನಡೆದುಕೊಂಡು?"

"ಹೌದು ಕಣೋ. ಕುತ್ತಿಗೆಯ ಬುಡದ ಸೋಮೈಟುಗಳ ಅಂಚಿನಿಂದ ಒಂದಷ್ಟು ಕೋಶಗಳು ಕಳಚಿಕೊಂಡು, ಆಗಷ್ಟೇ ಮೊಳೆಯುತ್ತಿದ್ದ ಕೈಯೊಳಗೆ ಹೋಗುತ್ತವೆ. ಕೈ ಒಂದು ಪ್ರೋಟೀನ್ ಬಿಟ್ಟು ಅವನ್ನು ಕರೆಯುತ್ತದೆ. ಆ ಕರೆ ಕೇಳಿಸಿಕೊಳ್ಳುವುದಕ್ಕೆ ಮೆಟ್ ಅನ್ನುವ ಜೀನ್ ಬೇಕು. ಅದಿಲ್ಲದ ಇಲಿಮರಿಯ ಕಾಲಿನಲ್ಲಿ ಮೂಳೆ ಇರುತ್ತದೆ, ಬೆರಳಿರುತ್ತದೆ, ಸ್ನಾಯು ಮಾತ್ರ ಇರುವುದಿಲ್ಲ."

ಇದನ್ನು ಕಂಡುಹಿಡಿದ ಕಥೆಯನ್ನು ವನಜಕ್ಕ ಬಿಡುವವರಲ್ಲ. ಕೋಳಿಯ ಭ್ರೂಣದಲ್ಲಿ ಒಂದು ಕೋಶ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹೇಳುವುದು ಕಷ್ಟವಾಗಿತ್ತು. ಎಲ್ಲ ಕೋಶವೂ ನೋಡಲು ಒಂದೇ ಥರ. ಫ್ರಾನ್ಸಿನ ನಿಕೋಲ್ ಲ ದುವಾರಾಂ ಒಂದು ಉಪಾಯ ಕಂಡರು. ಗೌಜಲಹಕ್ಕಿಯ ಕೋಶದ ನ್ಯೂಕ್ಲಿಯಸ್ಸಿನಲ್ಲಿ ಬಣ್ಣ ಹಾಕಿದಾಗ ಎದ್ದು ಕಾಣುವ ಒಂದು ದಪ್ಪ ಚುಕ್ಕೆ ಇರುತ್ತದೆ, ಕೋಳಿಯದರಲ್ಲಿ ಹಾಗಿರುವುದಿಲ್ಲ. 1969ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆಮೇಲೆ ಎಪ್ಪತ್ತರ ದಶಕದಲ್ಲಿ ಬೇರೆ ಬೇರೆಯವರು ಕೋಳಿಯ ಸೋಮೈಟ್ ತೆಗೆದು ಗೌಜಲಹಕ್ಕಿಯದನ್ನು ಕೂರಿಸಿ ನೋಡಿದರು. ಬೆಳೆದ ರೆಕ್ಕೆಯಲ್ಲಿ ಸ್ನಾಯು ಪೂರ್ತಿ ಗೌಜಲಹಕ್ಕಿಯದು. ಮೂಳೆಯೂ ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಯೂ ಕೋಳಿಯದು.

"ಅಂದರೆ ಈ ಹುರಿಯೂ ಬೇರೆಯವರದ್ದು?" ಎಂದು ಗುಂಡ ಮೊಣಕೈ ಮಡಿಕೆ ಮುಟ್ಟಿಕೊಂಡ.

"ಬೇರೆಯವರದ್ದು. ಅನುಮಾನ ಇದ್ದರೆ ನರ ನೋಡು. ತೋಳಿಗೆ ಬರುವ ನರ ಈಗಲೂ ಕುತ್ತಿಗೆಯಿಂದಲೇ ಹೊರಟು ಬರುತ್ತದೆ. ಉಸಿರಾಡುವ ವಪೆಯದು ಇನ್ನೂ ತಮಾಷೆ. ಅದು ಇರುವುದು ಎದೆಯ ಕೆಳಗೆ, ಅದರ ಸ್ನಾಯು ಬಂದದ್ದು ಕುತ್ತಿಗೆಯಿಂದ. ಪಾಪ, ಅದರ ನರ ಕುತ್ತಿಗೆಯಿಂದ ಶುರುವಾಗಿ ಹೃದಯದ ಪಕ್ಕದಲ್ಲೇ ಹಾದು ಅಷ್ಟು ದೂರ ಇಳಿಯಬೇಕು. ಕುತ್ತಿಗೆಯ ಮೇಲ್ಭಾಗಕ್ಕೆ ಜೋರು ಪೆಟ್ಟು ಬಿದ್ದರೆ ಉಸಿರೇ ನಿಲ್ಲುವುದು ಅದಕ್ಕೆ."

"ಶೇಪ್?" ಎಂದ ಗುಂಡ. ಧ್ವನಿ ಇಳಿದಿತ್ತು. "ಶೇಪ್ ಆದರೂ ನಂದು ತಾನೇ?"

"ಅದಂತೂ ಅಲ್ಲವೇ ಅಲ್ಲ. ಬಂದ ಕೋಶಗಳಿಗೆ ತಾವು ಬೈಸೆಪ್ಸ್ ಆಗಬೇಕೋ ಟ್ರೈಸೆಪ್ಸ್ ಆಗಬೇಕೋ ಗೊತ್ತಿರುವುದಿಲ್ಲ. ಕೋಳಿಯಲ್ಲಿ ಬೇರೆ ಮಟ್ಟದ ಸೋಮೈಟ್ ತಂದಿಟ್ಟರೂ ರೆಕ್ಕೆಯಲ್ಲಿ ರೆಕ್ಕೆಯ ಸ್ನಾಯುಗಳೇ ಆಗುತ್ತವೆ. ಎಲ್ಲಿ ಸೇರಬೇಕು, ಹೇಗೆ ಹಂಚಿಕೊಳ್ಳಬೇಕು ಅಂತ ತೋರಿಸುವುದು ಕೈಯಲ್ಲಿ ಮೊದಲೇ ಇದ್ದ ಜೋಡಣೆಯ ಕೋಶಗಳು. ನೀನು ಮಾಡಿದ್ದು ಯಾರೋ ಕಟ್ಟಿದ ಮನೆಗೆ ಸುಣ್ಣ ಹೊಡೆದು ಬಾಗಿಲ ಮೇಲೆ ನಿನ್ನ ಹೆಸರು ಬರೆಸಿದ ಹಾಗೆ."

ಶೀನ ಈಗ ಮೊಬೈಲ್ ಜೇಬಿಗೆ ಹಾಕಿದ. ಗುಂಡ ಸೋಲುತ್ತಿದ್ದರೆ ಅವನಿಗೆ ಬೇರೆ ಮನರಂಜನೆ ಬೇಕಿಲ್ಲ. "ಆದರೂ ವನಜಕ್ಕ, ಒಂದು ಕೋಶ ಸ್ನಾಯುವೇ ಆಗಬೇಕು ಅಂತ ನಿರ್ಧಾರ ಆಗುವುದು ಹೇಗೆ?"

"ಅದಕ್ಕೆ ಯಜಮಾನಿಕೆಯ ಜೀನುಗಳು ನಾಲ್ಕಿವೆ. ಮೊದಲು ಸಿಕ್ಕಿದ್ದು ಮಯೋ-ಡಿ. 1987ರಲ್ಲಿ ಹೆರಾಲ್ಡ್ ವೈಂಟ್ರಾಬ್ ಅವರ ಲ್ಯಾಬಿನಲ್ಲಿ, ಸ್ನಾಯುವಿನ ಗಂಧಗಾಳಿ ಇಲ್ಲದ ಇಲಿಯ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ ಈ ಒಂದು ಜೀನನ್ನು ಹೊತ್ತಿಸಿದರು. ಅವು ಸ್ನಾಯುಕೋಶಗಳಾದವು. ಒಂದೇ ಜೀನ್!"

"ಅದರ ಇಂಜೆಕ್ಷನ್ ಸಿಗುತ್ತಾ?" ಎಂದ ಗುಂಡ ಥಟ್ಟನೆ.

"ತಲೆಗೆ ಮಾತ್ರ ಹಾಕಿಸಿಕೊಳ್ಳಬೇಡ" ಎಂದ ಶೀನ. "ಅಲ್ಲಿರುವುದೂ ಸ್ನಾಯುವಾಗಿಬಿಟ್ಟರೆ?"

"ಈಗ ಅಲ್ಲಿ ಬೇರೇನಿದೆ?" ಎಂದರು ರಾಯರು.

ವನಜಕ್ಕ ನಗಲಿಲ್ಲ. ತಮ್ಮ ಮಾತಿನ ಮಧ್ಯೆ ಬೇರೆಯವರು ನಗಿಸಿದರೆ ಅವರಿಗೆ ಆಗುವುದಿಲ್ಲ. "ಸಿಗುವುದಿಲ್ಲ. ಮತ್ತೆ ಅದು ಒಬ್ಬಂಟಿ ಯಜಮಾನನೂ ಅಲ್ಲ. ಇಲಿಯಲ್ಲಿ ಮಯೋ-ಡಿ ತೆಗೆದರು, ಸ್ನಾಯು ಬಂತು. ಮಿಫ್-5 ಅನ್ನುವ ಇನ್ನೊಂದನ್ನು ತೆಗೆದರು, ಆಗಲೂ ಬಂತು. ಎರಡನ್ನೂ ಒಟ್ಟಿಗೆ ತೆಗೆದಾಗ ಮರಿಯ ಮೈಯಲ್ಲಿ ಮೂಳೆಗೆ ಅಂಟುವ ಸ್ನಾಯುವೇ ಇಲ್ಲ. ಅದು 1993. ಅಂದರೆ ಒಬ್ಬ ರಜೆ ಹಾಕಿದರೆ ಇನ್ನೊಬ್ಬ ಸುಮ್ನೆ ಕೆಲಸ ಮುಂದುವರಿಸುತ್ತಾನೆ, ಫೋಟೊ ಹಾಕುವುದಿಲ್ಲ."

ಇಲ್ಲಿ ಸ್ವಲ್ಪ ಹೊತ್ತು ಮಾತು ಆಫೀಸುಗಳ ಕಡೆ ಹೋಯಿತು. ರಜೆ ಹಾಕಿದವರು, ಹಾಕದೆಯೂ ಬಾರದವರು ಇತ್ಯಾದಿ. ಅದನ್ನು ಬಿಟ್ಟಿದ್ದೇನೆ. ರಾಯರಿಗೆ ಆ ವಿಷಯ ಸಿಕ್ಕರೆ ಭ್ರೂಣ ಹೆರಿಗೆಯಾಗಿ ಶಾಲೆಗೆ ಹೋಗಿಬಿಡುತ್ತದೆ.

ಮತ್ತೆ ತೋಳಿಗೆ ಎಳೆದು ತಂದದ್ದು ಶೀನನೇ. "ಆಮೇಲೇನಾಯಿತು? ಕೋಶಗಳು ಬಂದವು, ಸ್ನಾಯು ಆಗುತ್ತೇವೆ ಅಂತ ಒಪ್ಪಿದವು."

"ಆಮೇಲೆ ಸಾಲಾಗಿ ನಿಂತು, ಒಂದಕ್ಕೊಂದು ತಾಗಿ, ನಡುವಿನ ಪೊರೆ ಕರಗಿಸಿ ಒಂದಾಗುತ್ತವೆ. ಮಯೋಮೇಕರ್ ಅನ್ನುವ ಪ್ರೋಟೀನ್ ಇಲ್ಲದಿದ್ದರೆ ಒಂದಾಗುವುದಿಲ್ಲ, ಅದು ಸಿಕ್ಕಿದ್ದು 2013ರಲ್ಲಿ. ಒಂದೇ ಉದ್ದ ಎಳೆ, ಒಳಗೆ ನೂರಾರು ನ್ಯೂಕ್ಲಿಯಸ್ಸು. ಒಂದಾದ ಮೇಲೆ ಯಾವುದಕ್ಕೂ ಮತ್ತೆ ಒಡೆದು ಎರಡಾಗುವ ಹಕ್ಕಿಲ್ಲ. ಸೆಲ್ಫ್ ಮೇಡ್ ಅನ್ನುತ್ತೀಯಲ್ಲ ಗುಂಡ, ನಿನ್ನ ತೋಳಿನಲ್ಲಿ ಒಂದೇ ಒಂದು ಎಳೆ ಆಗಬೇಕಾದರೂ ನೂರು ಕೋಶ 'ನಾನು' ಅನ್ನುವುದನ್ನು ಬಿಡಬೇಕಾಯಿತು."

"ಎಳೆಗಳ ಸಂಖ್ಯೆ ಜಾಸ್ತಿ ಮಾಡಿದ್ದು ನಾನು."

"ಅದು ಹೆಚ್ಚುಕಡಿಮೆ ಹುಟ್ಟುವ ಹೊತ್ತಿಗೇ ಮುಗಿದ ಲೆಕ್ಕ. ಆಗ ನಿನಗಿನ್ನೂ ಹೆಸರೇ ಇಟ್ಟಿರಲಿಲ್ಲ. ಜಿಮ್ಮಿನಲ್ಲಿ ಆಗುವುದು ಮುಖ್ಯವಾಗಿ ಇದ್ದ ಎಳೆ ದಪ್ಪವಾಗುವುದು."

ಗುಂಡ ಅಂಗಿಯ ತೋಳು ಕೆಳಗಿಳಿಸಿದ. ಪೂರ್ತಿ ಅಲ್ಲ, ಅರ್ಧ.

ಶೀನನಿಗೆ ಆಗ ತನ್ನ ಸರದಿ ಎನಿಸಿರಬೇಕು. ಮೊಬೈಲ್ ಹೊರಗೆ ಬಂತು. "ನಂದು ನೋಡಿ. ಎಂಜಲು ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸಿದೆ. ನಾನು ಫಾಸ್ಟ್ ಟ್ವಿಚ್ ಅಂತೆ. ವೇಗದ ಓಟಗಾರನ ಸ್ನಾಯು."

"ನೀನು? ವೇಗವಾಗಿ? ಎಲ್ಲಿಗೆ?" ಎಂದರು ಪದ್ದಮ್ಮ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಅವರು ನೋಡಿರುವುದು ಆಕ್ಟಿನಿನ್-3 ಅನ್ನುವ ಒಂದು ಪ್ರೋಟೀನಿನ ಜೀನ್" ಎಂದರು ವನಜಕ್ಕ. "ವೇಗದ ಎಳೆಗಳಲ್ಲಿ ಇರುತ್ತದೆ, ನಿಜ. ಪ್ರಪಂಚದಲ್ಲಿ ನೂರು ಕೋಟಿಗೂ ಹೆಚ್ಚು ಜನರಿಗೆ ಅದು ಇಲ್ಲವೇ ಇಲ್ಲ. ಅವರೂ ಬಸ್ಸು ಹಿಡಿಯುತ್ತಿದ್ದಾರೆ. ಎಳೆ ನಿಧಾನದ್ದೋ ವೇಗದ್ದೋ ಅನ್ನುವುದು ಒಂದು ಸಾಲಿನಲ್ಲಿ ಬರೆಯುವ ವಿಷಯವಲ್ಲ. ಭ್ರೂಣದಲ್ಲಿ ಮೊದಲೊಂದು ತಂಡ ಎಳೆಗಳು ಆಗುತ್ತವೆ, ಅವನ್ನೇ ಆಧಾರವಾಗಿ ಹಿಡಿದು ಎರಡನೇ ತಂಡ. ಎಳೆಯನ್ನು ಬಿಗಿಯುವ ಪ್ರೋಟೀನಿಗೆ ಮಯೋಸಿನ್ ಅನ್ನುತ್ತಾರೆ. ಮೊದಲು ಎಳೆಯೊಳಗೆ ಭ್ರೂಣದ ಮಯೋಸಿನ್, ಆಮೇಲೆ ಶಿಶುವಿನದು, ಕೊನೆಗೆ ದೊಡ್ಡವರದು. ನಿಧಾನ, ವೇಗ ಅನ್ನುವ ಒಲವು ಒಂದಷ್ಟು ಮೊದಲೇ ಇರುತ್ತದೆ. ಮಿಕ್ಕಿದ್ದನ್ನು ನರ ತಿದ್ದುತ್ತದೆ. 1960ರಲ್ಲಿ ಬುಲ್ಲರ್, ಜೊತೆಗೆ ಎಕ್ಲ್ಸ್ ಅಪ್ಪ ಮಗಳು, ಮೂವರು ಸೇರಿ ಬೆಕ್ಕಿನ ಕಾಲಿನಲ್ಲಿ ನರ ಅದಲುಬದಲು ಮಾಡಿದರು. ನಿಧಾನದ ಸ್ನಾಯುವಿಗೆ ವೇಗದ ಸ್ನಾಯುವಿನ ನರ ಜೋಡಿಸಿದಾಗ ಅದು ಚುರುಕಾಯಿತು. ವೇಗದ್ದು ನಿಧಾನವಾಯಿತು."

"ನರ ಬದಲಾಯಿಸಿದರೆ ನಾನೂ ಓಡಬಹುದು ಅಂತಾಯಿತು."

"ನಿನ್ನ ನರಕ್ಕೆ ಮೊದಲು ಆಸೆ ಬರಬೇಕಲ್ಲ. ಮಜಾ ಕೇಳು, ಹುಟ್ಟುವಾಗ ಒಂದೊಂದು ಎಳೆಯ ಮೇಲೂ ಹಲವು ನರಗಳ ತುದಿ ಬಂದು ಕೂತಿರುತ್ತವೆ. ಆಮೇಲೆ ಪೈಪೋಟಿ ನಡೆದು ಒಂದೇ ಉಳಿಯುತ್ತದೆ. ಒಂದು ಸಲಕ್ಕೆ ಒಬ್ಬರು ಮಾತಾಡಿದರೆ ಸಾಕು ಅಂತ ಸ್ನಾಯುವಿಗೇ ಅರ್ಥವಾಗಿದೆ. ನಮ್ಮ ಈ ಗುಂಪಿಗೆ ಆಗಿಲ್ಲ."

"ನನ್ನ ದವಡೆಯೂ ಕುತ್ತಿಗೆಯಿಂದ ಬಂದದ್ದೇ?" ಎಂದರು ರಾಯರು, ಒಬ್ಬರೇ ಮಾತಾಡಬೇಕಾದ ಜಾಗದಲ್ಲಿ.

"ಇಲ್ಲ ರಾಯರೇ, ತಲೆಯದು ಬೇರೆ ವ್ಯವಹಾರ. ಅಗಿಯುವ ಸ್ನಾಯು, ನಗುವ ಸ್ನಾಯು ಇವು ಸೋಮೈಟಿನವಲ್ಲ. ಭ್ರೂಣದ ಗಂಟಲಿನ ಹತ್ತಿರ ಕಮಾನುಗಳಿರುತ್ತವೆ, ಮೀನಿನಲ್ಲಾದರೆ ಅಲ್ಲಿ ಕಿವಿರುಗಳಾಗುತ್ತವೆ. ಮೊದಲ ಕಮಾನಿನಿಂದ ಅಗಿಯುವ ಸ್ನಾಯು, ಎರಡನೆಯದರಿಂದ ಮುಖದ ನಗು, ಸಿಟ್ಟು, ಹುಬ್ಬು ಹಾರಿಸುವುದು. ನಾಲಿಗೆ ಮಾತ್ರ ಹಿಂದಲೆಯ ಸೋಮೈಟಿನಿಂದ ಮುಂದೆ ನುಗ್ಗಿ ಬಂದದ್ದು."

"ನಾಲಿಗೆ ಮುಂದೆ ನುಗ್ಗುವುದು ಹೊಸದೇನಲ್ಲ" ಎಂದರು ಪದ್ದಮ್ಮ.

"ಇನ್ನೂ ಕೇಳಿ. ದವಡೆಯ ಸ್ನಾಯುವಿನಲ್ಲಿ ದೊಡ್ಡವರಾದ ಮೇಲೂ ಶಿಶುವಿನ ಮಯೋಸಿನ್ ಸ್ವಲ್ಪ ಉಳಿದಿರುತ್ತದೆ. ಮೈಯೆಲ್ಲ ಬೆಳೆದರೂ ಬಾಯಿಯ ಹತ್ತಿರ ಪೂರ್ತಿ ಬೆಳೆಯದವರು ನಾವು. ಆ ಎರಡನೇ ಕಮಾನಿನಿಂದಲೇ ಕಿವಿಯೊಳಗಿನ ಸ್ಟೇಪೀಡಿಯಸ್ ಕೂಡ ಬರುತ್ತದೆ. ಮೂಳೆಗಂಟಿದ ಸ್ನಾಯುಗಳಲ್ಲಿ ಅದೇ ಅತಿ ಚಿಕ್ಕದು. ಜೋರು ಸದ್ದು ಬಂದಾಗ ಬಿಗಿದುಕೊಂಡು ಒಳಕಿವಿಯನ್ನು ಕಾಪಾಡುತ್ತದೆ. ರಾಯರು ಬಾಯಿ ತೆರೆದಾಗಲೆಲ್ಲ ನಮ್ಮೆಲ್ಲರ ಕಿವಿಯಲ್ಲಿ ಅದು ಕಸರತ್ತು ಮಾಡುತ್ತಿದೆ. ಜಿಮ್ಮಿಗೆ ಯಾಕೆ ಹೋಗಬೇಕು?"

ಗುಂಡನಿಗೆ ಸ್ವಲ್ಪ ಉಸಿರು ಬಂತು. ಅವಮಾನ ಹಂಚಿಹೋದರೆ ಹಗುರ. ಆದರೆ ವನಜಕ್ಕ ಅವನನ್ನು ಬಿಟ್ಟಿರಲಿಲ್ಲ.

"ಎಲ್ಲರೂ ಕೈ ಚಾಚಿ. ಹೆಬ್ಬೆರಳ ತುದಿಗೆ ಕಿರುಬೆರಳ ತುದಿ ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ನಡುವೆ ಒಂದು ಹುರಿ ಎದ್ದು ನಿಲ್ಲುತ್ತದಾ?"

ರಾಯರ ಎರಡೂ ಕೈಯಲ್ಲಿ ಎದ್ದು ನಿಂತಿತು. ಸಡಿಲ ಚರ್ಮದ ಕೆಳಗೆ ತಂತಿ ಎಳೆದ ಹಾಗೆ ಕಾಣುತ್ತಿತ್ತು. ಪದ್ದಮ್ಮನಿಗೂ ಇತ್ತು. ಶೀನನಿಗೆ ಬಲಗೈಯಲ್ಲಿ ಇತ್ತು, ಎಡಗೈಯಲ್ಲಿ ಇರಲಿಲ್ಲ. ಗುಂಡ ಬಗ್ಗಿಸಿದ, ಬಿಗಿದ, ಉಸಿರು ಕಟ್ಟಿದ, ಕೈ ಬದಲಾಯಿಸಿದ. ಏನೂ ಇಲ್ಲ.

"ಇನ್ನೂ ಸ್ವಲ್ಪ ವೆಯ್ಟ್ ಎತ್ತಿದರೆ ಬರುತ್ತೆ ಅಲ್ವಾ?"

"ಇಲ್ಲದ್ದು ಎಲ್ಲಿಂದ ಬರುತ್ತದೆ? ಅದು ಪಾಲ್ಮಾರಿಸ್ ಲಾಂಗಸ್ ಅನ್ನುವ ಸ್ನಾಯು. ಎಷ್ಟೋ ಜನರಿಗೆ ಆಗುವುದೇ ಇಲ್ಲ. ಇಲ್ಲದಿದ್ದರೂ ನಷ್ಟವಿಲ್ಲ. ಇದ್ದವರಿಗೆ ಬೇರೆ ಕಡೆ ರಿಪೇರಿ ಬೇಕಾದಾಗ ಡಾಕ್ಟರುಗಳು ಅದರ ಹುರಿಯನ್ನೇ ತೆಗೆದು ಬಳಸುತ್ತಾರೆ."

ರಾಯರು ಕೈ ಇಳಿಸಲೇ ಇಲ್ಲ. ಬಹಳ ಕಾಲದ ಮೇಲೆ ಅವರ ಮೈಯಲ್ಲಿ ಬೇರೆಯವರಿಗಿಲ್ಲದ್ದು ಏನೋ ಇತ್ತು.

"ಆಗಿ ಹೋದವೂ ಇವೆ" ಎಂದರು ವನಜಕ್ಕ, ಸ್ವಲ್ಪ ಮೆಲ್ಲಗೆ. "2019ರಲ್ಲಿ ಭ್ರೂಣಗಳ ಕೈಕಾಲನ್ನು ಮೂರು ಆಯಾಮದ ಚಿತ್ರಗಳಲ್ಲಿ ನೋಡಿದರು. ಏಳನೇ ವಾರದ ಹೊತ್ತಿಗೆ ಕೈಯಲ್ಲಿ ಕೆಲವು ಪುಟ್ಟ ಸ್ನಾಯುಗಳಿದ್ದವು. ಹಲ್ಲಿಯಂಥ ಪ್ರಾಣಿಗಳಿಗೆ ದೊಡ್ಡವಾದ ಮೇಲೂ ಇರುವಂಥವು. ಹದಿಮೂರನೇ ವಾರದ ಹೊತ್ತಿಗೆ ಅವು ಇರಲಿಲ್ಲ. ಕೆಲವು ಪಕ್ಕದ್ದರೊಳಗೆ ಸೇರಿಹೋದವು, ಕೆಲವು ಅಳಿದೇ ಹೋದವು. ಒಮ್ಮೆಯೂ ಏನನ್ನೂ ಹಿಡಿಯದೆ."

ಯಾರೂ ಏನೂ ಹೇಳಲಿಲ್ಲ. ಶೀನ ಅಂಗೈ ತಿರುಗಿಸಿ ನೋಡಿಕೊಂಡ.

ಗುಂಡನೇ ಮೌನ ಮುರಿದ. "ಹಾಗಾದರೆ ಇಡೀ ತೋಳಿನಲ್ಲಿ ನಂದು ಅಂತ ಒಂದೂ ಇಲ್ವಾ ವನಜಕ್ಕ?"

"ಒಂದಿದೆ. ಎಂಟನೇ ವಾರದ ಆಸುಪಾಸಿನಲ್ಲೇ ನೀನು ಅಲುಗಾಡಲು ಶುರು ಮಾಡಿದೆ. ಆ ಅಲುಗಾಟ ಬೇಕೇ ಬೇಕು. ಕೋಳಿಯ ಭ್ರೂಣಕ್ಕೆ ಔಷಧಿ ಕೊಟ್ಟು ಅಲುಗಾಡದಂತೆ ಮಾಡಿದರೆ ಕೀಲುಗಳು ಬಿಡಿಸಿಕೊಳ್ಳುವುದೇ ಇಲ್ಲ, ಎರಡು ಮೂಳೆ ಅಂಟಿಕೊಂಡುಬಿಡುತ್ತವೆ. ನಿನ್ನ ಮೊಣಕೈ ಈಗ ಮಡಚುತ್ತಿದೆ ಅಂದರೆ ಅದರಲ್ಲಿ ನಿನ್ನ ಆಗಿನ ಕಸರತ್ತಿನ ಪಾಲಿದೆ. ಅದೊಂದು ನಿಂದು, ಒಪ್ಪಿದೆ."

"ನೋಡಿದ್ರಾ!" ಎಂದು ಗುಂಡ ಅಂಗಿಯ ತೋಳನ್ನು ಮತ್ತೆ ಮೇಲಕ್ಕೆ ಸೇರಿಸಿದ.

"ಜಾಗ ನಂದು ಕಣೋ" ಎಂದರು ಪದ್ದಮ್ಮ.

ಆಮೇಲೆ ಅವರೇ ಹೇಳಿದರು. "ಎಂಟನೇ ವಾರ ಅಂತೆ. ನನಗೆಲ್ಲಿ ಗೊತ್ತಾಯಿತು? ಐದನೇ ತಿಂಗಳು ಬಂದಿತ್ತು. ಮೊದಲ ಸಲ ಹೊಟ್ಟೆಯೊಳಗೆ ಏನೋ ಗುಳ್ಳೆ ಒಡೆದ ಹಾಗಾಯಿತು. ವಾಯು ಇರಬೇಕು ಅಂದುಕೊಂಡೆ. ಮತ್ತೆ ಆಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ಬಂದು ಕೈ ಇಡುತ್ತಾರೆ. ಸ್ವಲ್ಪ ದಿನ ನನಗೊಬ್ಬಳಿಗೇ ಇರಲಿ ಅಂತ. ನಾನು ಕೈ ಇಟ್ಟರೆ ಸಾಕು, ಸುಮ್ಮನಾಗಿಬಿಡುತ್ತಿದ್ದ. ತೆಗೆದರೆ ಒದೆಯುತ್ತಿದ್ದ. ಈಗಲೂ ಅಷ್ಟೇ, ಮೈ ಮುಟ್ಟಿದರೆ ಬಿಗಿದುಕೊಳ್ಳುತ್ತಾನೆ."

ಗುಂಡ ಎಲ್ಲಿ ನೋಡಬೇಕೆಂದು ತಿಳಿಯದೆ ಶೀನನ ಮೊಬೈಲ್ ನೋಡಿದ.

"ಅದೆಲ್ಲ ಸರಿ" ಎಂದರು ರಾಯರು. "ನನ್ನ ತೊಡೆಯದು ಹೇಳಿ. ಕೂತರೆ ಏಳುವುದಕ್ಕೆ ಆಗುತ್ತಿಲ್ಲ. ಇನ್ನು ಹೊಸ ಕೋಶ ಬರುವುದಿಲ್ವಾ?"

"ಭ್ರೂಣದಲ್ಲಿ ಎಲ್ಲವೂ ಒಂದಾಗಿಬಿಡಲಿಲ್ಲ ರಾಯರೇ. ಕೆಲವು ಎಳೆಯ ಅಂಚಿನಲ್ಲಿ ಹಾಗೇ ಉಳಿದವು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವಿನಲ್ಲಿ ಅವನ್ನು ಕಂಡು ಸ್ಯಾಟಲೈಟ್ ಕೋಶ ಅಂತ ಕರೆದರು. ಸ್ನಾಯುವಿಗೆ ಏಟಾದಾಗ ಅವು ಎದ್ದು ರಿಪೇರಿಗೆ ಬರುತ್ತವೆ. ವಯಸ್ಸಾದಂತೆ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಭಾರ ಎತ್ತುವ ವ್ಯಾಯಾಮ ಮಾಡಿದರೆ ನಿಮ್ಮ ವಯಸ್ಸಿನಲ್ಲೂ ತೊಡೆಗೆ ಬಲ ಬರುತ್ತದೆ."

"ಅಂದರೆ ಜಿಮ್ಮು?" ಎಂದ ಗುಂಡ. ಮುಖ ಊರಗಲ.

ವನಜಕ್ಕ ಉತ್ತರಿಸುವ ಮೊದಲು ಸ್ವಲ್ಪ ತಡೆದರು. "ಮಾಡಲಿ. ಕಟ್ಟಿದೆ ಅಂತ ಮಾತ್ರ ಹೇಳಬಾರದು."

ಅಷ್ಟು ಸಾಕಾಗಿತ್ತು. ಗುಂಡ ಆಗಲೇ ರಾಯರ ಎದುರು ನಿಂತಿದ್ದ. "ಕೈ ಊರದೆ ಏಳಬೇಕು, ಕೂರಬೇಕು. ಹತ್ತು ಸಲ. ಬೆನ್ನು ನೆಟ್ಟಗಿರಲಿ. ಉಸಿರು ಕಟ್ಟಬೇಡಿ. ಒಂದು!"

ಒಂದಾಯಿತು. ಎರಡಕ್ಕೆ ಕುರ್ಚಿ ಕಿರುಗುಟ್ಟಿತು. ಮೂರಕ್ಕೆ ರಾಯರು ನಿಂತವರು ಕೂರಲಿಲ್ಲ.

"ಉಳಿದ ಏಳು ನಾಳೆ" ಎಂದರು.

"ನಾಳೆ ಹೊಸದಾಗಿ ಹತ್ತು" ಎಂದ ಗುಂಡ.

"ಹಾಗಾದರೆ ಇವತ್ತಿನದನ್ನು ಹತ್ತು ಅಂತ ಬರೆದುಕೋ. ನಾನು ಫಾಸ್ಟ್ ಟ್ವಿಚ್, ನಿನಗೆ ಎಣಿಸುವುದಕ್ಕೆ ಆಗಲಿಲ್ಲ."